ಹೊನ್ನೂರು ಗೂಳಿಗಳಿಗಾಗಿ ಬಿಟ್ಟ ಮುಡಿ

ಐವತ್ತು ದಾಟಿದ ಗಂಡಸು ಸೊಂಟ ಮುಟ್ಟುವಷ್ಟು ಕೂದಲು ಬಿಟ್ಟುಕೊಂಡು ರೈಸ್ ಮಿಲ್ಲು ನಡೆಸಿದರೆ ಊರು ಸುಮ್ಮನಿರುವುದಿಲ್ಲ. ಭತ್ತ ತಂದ ಹೆಂಗಸರು ತಲೆಗೆ ಯಾವ ಎಣ್ಣೆ ಹಾಕುತ್ತೀಯಣ್ಣ ಎಂದು ಕೇಳುತ್ತಿದ್ದರು. ಯಳಂದೂರಿನಿಂದ ಹೊಸದಾಗಿ ಬಂದ ಮೀಟರ್ ರೀಡರ್ ಒಬ್ಬ ನನ್ನ ಬೆನ್ನು ನೋಡಿ, "ಅಮ್ಮಾ, ಮೀಟರ್ ಎಲ್ಲದೆ?" ಅಂದ. ನಾನು ತಿರುಗಿದೆ. ಮೀಸೆ ನೋಡಿದವನು ಮೀಟರ್ ನೋಡದೆಯೇ ಹೋದ. ಇನ್ನು ಮಹಾದೇವಮ್ಮನ ಟೀ ಅಂಗಡಿಯ ಬೆಂಚಿನವರಿಗಂತೂ ಒಂದೇ ಮಾತು. ನಾನು ಅತ್ತ ಕಾಲಿಟ್ಟರೆ ಸಾಕು, ಯಾರಾದರೊಬ್ಬರು ಗ್ಲಾಸಿನಿಂದ ಬಾಯಿ ತೆಗೆದು ಕೇಳುತ್ತಿದ್ದರು.

"ಕಪ್ ಬಂತಾ ಗುರುಸಿದ್ದಣ್ಣ?"

"ಬಂದಾಗ ನಿನ್ ತಲೆ ಮೇಲೇ ಇಕ್ತೀನಿ, ಸುಮ್ನೆ ಟೀ ಕುಡಿ" ಅನ್ನುತ್ತಿದ್ದೆ. ಅವರು ನಗುತ್ತಿದ್ದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ನನಗೆ ರೇಗುತ್ತಿತ್ತು. ಆದರೂ ದಿನಾ ಹೋಗುತ್ತಿದ್ದೆ.

ಕೂದಲು ಶೋಕಿಗೆ ಬಿಟ್ಟದ್ದಲ್ಲ, ಬೆಟ್ಟದ ದೇವರು ಮಾದಪ್ಪನಿಗೆ ಹೊತ್ತ ಹರಕೆ. ಕೊಳ್ಳೇಗಾಲ, ಹನೂರು, ಯಳಂದೂರು ಸೇರಿಸಿ ಒಂದು ಕಬಡ್ಡಿ ಲೀಗ್ ಶುರುವಾಯಿತು. ಟಿ.ವಿ.ಯಲ್ಲಿ ಬರುತ್ತದಲ್ಲ, ಅದರ ಹಾಗೆಯೇ ಟೀಮಿಗೊಬ್ಬ ಮಾಲೀಕ, ಆಟಗಾರರ ಹರಾಜು, ಎದೆಯ ಮೇಲೆ ಜಾಹೀರಾತು. ನಮ್ಮೂರಿನ ಹೆಸರಿನ ಟೀಮನ್ನು ಕೊಳ್ಳೇಗಾಲದ ರೇಷ್ಮೆ ಸೀರೆ ಸಾಹುಕಾರ ಶಿವಕುಮಾರಸ್ವಾಮಿ ಕೊಂಡರು. ಹೊನ್ನೂರು ಗೂಳಿಗಳು ಅಂತ ಹೆಸರು. ಅಂಕಣ ನನ್ನ ಮಿಲ್ಲಿನ ಹಿಂದಿನ ಬಯಲಿನಲ್ಲಿ. ಕೆರೆ ಮಣ್ಣು ಹಾಕಿ, ಅದಕ್ಕೆ ನನ್ನ ಮಿಲ್ಲಿನ ಭತ್ತದ ಹೊಟ್ಟು ಬೆರೆಸಿ ತುಳಿಸಿದೆವು. ಹೊಟ್ಟು ಬೆರೆತ ಮಣ್ಣಿನ ಮೇಲೆ ಬಿದ್ದರೆ ಮಂಡಿ ತರಚುವುದಿಲ್ಲ. ಬೇರೆ ಊರಿನ ಹುಡುಗರು ಕೂಡ ಹೊನ್ನೂರಿನ ನೆಲ ಮೆತ್ತಗೆ ಎನ್ನುತ್ತಿದ್ದರು.

ಮೊದಲ ವರ್ಷವೇ ಫೈನಲ್ ಮುಟ್ಟಿ ಒಂದೇ ಪಾಯಿಂಟಿನಲ್ಲಿ ಸೋತೆವು. ಮಾರನೇ ವಾರ ನಾನು, ಟೀ ಅಂಗಡಿ ಬೆಂಚಿನ ಗೆಳೆಯ ಮುತ್ತಯ್ಯ, ಇನ್ನೂ ಮೂವರು ಬೆಟ್ಟಕ್ಕೆ ನಡೆದುಕೊಂಡು ಹೋಗಿ ಮಾದಪ್ಪನ ಮುಂದೆ ಕೈಮುಗಿದು ನಿಂತೆವು. ಹೊನ್ನೂರಿನ ಗೂಳಿಗಳು ಕಪ್ ಎತ್ತುವವರೆಗೆ ತಲೆಗೆ ಕತ್ತರಿ ತಾಗಿಸುವುದಿಲ್ಲ, ಎತ್ತಿದ ಮೇಲೆ ಇಲ್ಲಿಗೇ ಬಂದು ಮುಡಿ ಕೊಡುತ್ತೇವೆ. ಬರುವ ವರ್ಷವೇ ಗೆಲ್ಲುತ್ತೇವೆ ಅಂದುಕೊಂಡಿದ್ದೆವು. ಒಂದು ವರ್ಷದ ಕೂದಲು ಎಷ್ಟು ಮಹಾ ಬೆಳೆದೀತು ಎಂಬ ಧೈರ್ಯ.

ಗೆಲ್ಲಲಿಲ್ಲ. ಅದರ ಮರುವರ್ಷವೂ ಇಲ್ಲ. ಜೊತೆಯವರು ಒಬ್ಬೊಬ್ಬರಾಗಿ ಜಾರಿಕೊಂಡರು. ಒಬ್ಬನಿಗೆ ಹೇನು, ಒಬ್ಬನಿಗೆ ಸೊಸೆಯ ಕಾಟ. ಮುತ್ತಯ್ಯ ಮಗಳ ಮದುವೆಗೆ ಮುಂಚೆ ಬೆಟ್ಟಕ್ಕೆ ಹೋಗಿ, ಹರಕೆ ಮುರಿದದ್ದಕ್ಕೆ ತಪ್ಪುಕಾಣಿಕೆ ಹಾಕಿ, ಕ್ರಾಪು ಹೊಡೆಸಿಕೊಂಡು ಬಂದ. "ಧಾರೆ ಎರಿಯೋವಾಗ ಬೀಗರು ನನ್ನೇ ಎಣ್ಣು ಅಂದ್ಕಂಡಾರು ಕಣ್ಲಾ" ಅಂದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನನಗೆ ಮದುವೆಯಿಲ್ಲ, ಮಗಳಿಲ್ಲ, ಬೀಗರಿಲ್ಲ. ಕೂದಲಿನ ಮೇಲೆ ಆಕ್ಷೇಪಣೆ ಎತ್ತುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಮಾದಸ್ವಾಮಿ ಮಾತ್ರ ಇದ್ದ.

ಅವನು ನಮ್ಮ ಟೀಮಿನ ರೈಡರ್. ಹನೂರಿನ ಕಡೆಯ ಶಾಗ್ಯದವನು. ಹರಾಜಿನಲ್ಲಿ ಸಾಹುಕಾರರು ಎತ್ತಿಕೊಂಡಾಗ ಅವನಿಗೆ ಉಳಿದುಕೊಳ್ಳಲು ಜಾಗ ಬೇಕಿತ್ತು, ನನ್ನ ಮಿಲ್ಲಿನ ಹಿಂದೆ ಎರಡು ಕೋಣೆಗಳಿದ್ದವು. ಸೀಸನ್ ಮುಗಿದ ಮೇಲೆ ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಮಿಲ್ಲಿನಲ್ಲಿ ಮೂಟೆ ಎತ್ತಿದ, ಬೆಲ್ಟ್ ಕಿತ್ತರೆ ಸರಿಮಾಡಿದ, ನನ್ನ ಜೊತೆಯಲ್ಲೇ ಉಂಡ. ಸ್ನಾನ ಮಾಡುವಾಗಲೂ ಉಸಿರು ಹಿಡಿದು ಕಬಡ್ಡಿ ಕಬಡ್ಡಿ ಅನ್ನುತ್ತಿದ್ದ, ಆ ಶಬ್ದ ಕೇಳಿಯೇ ನನಗೆ ಬೆಳಗಾಗುತ್ತಿತ್ತು. ಹಬ್ಬಕ್ಕೆ ಮಾತ್ರ ಶಾಗ್ಯಕ್ಕೆ ಹೋಗಿ, "ಅಲ್ಲಿ ಒತ್ತೇ ಓಗಕಿಲ್ಲ ಕಣಣ್ಣ, ನಮ್ಮೂರೇ ಸರಿ" ಎಂದು ಬೇಗ ಬಂದುಬಿಡುತ್ತಿದ್ದ. ನಮ್ಮೂರು ಅಂದರೆ ಹೊನ್ನೂರು. ಹೀಗೆ ನಾಲ್ಕೈದು ವರ್ಷ ಕಳೆದವು. ನನ್ನ ಜೀವನದಲ್ಲಿ ಮನೆ ಮನೆಯಂತಿದ್ದದ್ದು ಆ ವರ್ಷಗಳಲ್ಲಿ ಮಾತ್ರ.

ಕೂದಲು ಉದ್ದವಾದಂತೆ ಅದನ್ನು ತೊಳೆಯುವುದು ದೊಡ್ಡ ಕೆಲಸವಾಯಿತು. ಭಾನುವಾರ ಅವನೇ ಸೀಗೆಪುಡಿ ಕಲಸಿ, ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದ. "ಅಣ್ಣ, ಈ ವರ್ಷ ಗೆದ್ದೇ ಗೆಲ್ತೀವಿ. ನಿನ್ ತಲೆ ತೊಳ್ದೂ ತೊಳ್ದೂ ನನ್ ರಟ್ಟೆ ಬಿದ್ದೋಯ್ತು" ಅನ್ನುತ್ತಿದ್ದ.

ಈಗ ನಮ್ಮೂರಿನವರ ಒಂದು ಬುದ್ಧಿ ಹೇಳಬೇಕು. ಪಂದ್ಯದ ದಿನ ಸಾಹುಕಾರರು ಬಯಲಿಗೆ ಸುತ್ತ ತಗಡು ಕಟ್ಟಿಸಿ ಟಿಕೆಟ್ ಇಟ್ಟಿದ್ದರು. ಹೊರಗಿನ ಊರಿನವರು ಟಿಕೆಟ್ ತಗೊಂಡು ಒಳಗೆ ಬಂದು ಕುರ್ಚಿಯ ಮೇಲೆ ಕೂರುತ್ತಿದ್ದರು. ನಮ್ಮೂರಿನವರು ಒಬ್ಬರೂ ಕೊಳ್ಳುತ್ತಿರಲಿಲ್ಲ. ನಮ್ಮೂರ ಟೀಮ್ ನೋಡೋದಕ್ಕೆ ನಾವೇ ಟಿಕೆಟ್ ತಗೋಬೇಕಾ ಎಂದು ಎಲ್ಲರಿಗೂ ಅವಮಾನ. ತೆಂಗಿನ ಮರದ ಮೇಲೆ ಕೆಲವರು, ಕಬ್ಬಿನ ಲಾರಿಯ ಮೇಲೆ ಕೆಲವರು, ಮಿಕ್ಕವರೆಲ್ಲ ನನ್ನ ಮಿಲ್ಲಿನ ಚಾವಣಿಯ ಮೇಲೆ. ನಾನೇ ಏಣಿ ಹಾಕಿ ಹತ್ತಿಸುತ್ತಿದ್ದೆ. ಬಾಯಿ ಹರಿಯುವಂತೆ ಕೂಗುತ್ತಿದ್ದವರು ನಾವೇ. ಹೋದ ವರ್ಷ ಸೆಮಿಫೈನಲ್ ದಿನ ಚಾವಣಿಯ ಮೇಲೆ ಜನವೋ ಜನ, ಕೆಳಗೆ ಕುರ್ಚಿಗಳು ಖಾಲಿ. ಸಾಹುಕಾರರು ಕುರ್ಚಿಗಳ ನಡುವೆ ಒಬ್ಬರೇ ಕೂತು ಒಮ್ಮೆ ತಲೆ ಎತ್ತಿ ನಮ್ಮನ್ನು ನೋಡಿದರು. ನಾವು ಕೈ ಬೀಸಿದೆವು.

ಮಳೆಗಾಲದಲ್ಲಿ ಸುದ್ದಿ ಬಂತು. ಟೀಮು ಹನೂರಿಗೆ ಹೋಗುತ್ತದೆ.

ಕಟ್ಟೆಯ ಮೇಲೆ ಸಭೆ ಸೇರಿ, ನಾಲ್ಕು ಜನ ಹೋಗಿ ಮಾತಾಡಿ ಬರುವುದೆಂದು ತೀರ್ಮಾನವಾಯಿತು. ಕೊಳ್ಳೇಗಾಲದ ಅಂಗಡಿಯಲ್ಲಿ ಬಿಳಿಯ ಹಾಸಿನ ಮೇಲೆ ಸಾಹುಕಾರರು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ನಮ್ಮನ್ನು ನೋಡಿ ಎದ್ದು ಬಂದರು, ಕೂರಿಸಿದರು, ಕಾಫಿ ತರಿಸಿದರು. ಅಷ್ಟು ಮರ್ಯಾದೆ ಕಂಡಾಗಲೇ ನನಗೆ ಅನುಮಾನ ಬಂತು. ಕೆಲಸ ಆಗುವ ಕಡೆ ಇಷ್ಟು ಬೇಗ ಕಾಫಿ ಬರುವುದಿಲ್ಲ.

"ಸಾವ್ಕಾರ್ರೇ, ಟೀಮ್ನ ಎತ್ಕಂಡೋಯ್ತೀರಂತೆ" ಅಂದ ಮುತ್ತಯ್ಯ.

"ಹೌದು ಮುತ್ತಯ್ಯ. ಹನೂರಿನಲ್ಲಿ ಲೇಔಟ್ ಮಾಡಿದ್ದಾರಲ್ಲ, ಅವರು ಪಾಲಿಗೆ ಬಂದಿದ್ದಾರೆ. ಗ್ಯಾಲರಿ ಕಟ್ಟಿ ಕೊಡ್ತಾರೆ, ಮ್ಯಾಟ್ ಹಾಕಿಸ್ತಾರೆ. ಹನೂರು ಈಗ ತಾಲ್ಲೂಕಾಗಿದೆ, ಅಲ್ಲಿನವರಿಗೂ ಒಂದು ಟೀಮ್ ಬೇಕು ಅಂತ ಆಸೆ ಇದೆ. ಮಿಕ್ಕ ಮಾಲೀಕರನ್ನೆಲ್ಲ ಕಲ್ಯಾಣ ಮಂಟಪದಲ್ಲಿ ಕೂರಿಸಿ ಕೇಳಿದ್ವಿ, ಎಲ್ಲರೂ ಕೈ ಎತ್ತಿದ್ರು. ಅಗ್ರಿಮೆಂಟೂ ಆಗೋಯ್ತು."

"ನಮ್ಮನ್ನ ಒಂದು ಮಾತು ಕೇಳ್ಬೇಕಾಗಿತ್ತು" ಅಂದೆ ನಾನು.

"ಯಾಕೆ ಕೇಳಬೇಕು ಗುರುಸಿದ್ದಯ್ಯನವರೇ? ಟೀಮ್ ನಂದು, ಊರು ನಿಮ್ಮದು."

ಅವರ ದನಿಯಲ್ಲಿ ಕೋಪವಿರಲಿಲ್ಲ. ಸೀರೆಯ ಬಣ್ಣ ಹೋಗುವುದಿಲ್ಲ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದರು. ತಗಡು ಎತ್ತರ ಮಾಡುತ್ತೇವೆ, ಮನೆಗೊಂದು ಟಿಕೆಟ್ ಕಡ್ಡಾಯ ಮಾಡುತ್ತೇವೆ, ನಾನು ಏಣಿಯನ್ನೇ ಸುಟ್ಟು ಹಾಕುತ್ತೇನೆ ಎಂದೆಲ್ಲ ಹೇಳಿದೆವು. ಅವರು ತಲೆಯಾಡಿಸಿದರು.

"ನಿಮ್ಮ ಮಿಲ್ಲಿನ ಚಾವಣಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿದ್ದವರಲ್ಲಿ ಅರ್ಧ ಜನ ಕೆಳಗೆ ಕೂತಿದ್ರೂ ನಾನು ಎಲ್ಲಿಗೂ ಹೋಗ್ತಿರಲಿಲ್ಲ." ಅವರು ಬಿಚ್ಚಿದ್ದ ಸೀರೆಯೊಂದನ್ನು ಮಡಿಸುತ್ತಾ ಹೇಳಿದರು, "ಇದು ಹೊಸದೇನಲ್ಲ. ನನ್ನ ತಮ್ಮನ ಮಗ ಫೋನಿನಲ್ಲಿ ತೋರಿಸ್ದ. ಅಮೆರಿಕದಲ್ಲಿ ಬೇಸ್‌ಬಾಲ್ ಅಂತ ಆಟ. ಬ್ರೂಕ್ಲಿನ್ ಅನ್ನೋ ಕಡೆಯ ಟೀಮನ್ನ ಅದರ ಮಾಲೀಕ ದೇಶದ ಆ ತುದಿಗೆ ಸಾಗಿಸಿಬಿಟ್ಟನಂತೆ. ನಮ್ಮ ತಂದೆ ಸಣ್ಣವರಾಗಿದ್ದಾಗಿನ ಮಾತು. ಮನುಷ್ಯರು ಹಂಗೇ ಇದ್ದಾರೆ, ಆಟ ಹಂಗೇ ನಡೀತಿದೆ."

"ಆ ಬ್ರೂಕ್ಲಿನ್ನೋರು ಏನ್ ಮಾಡಿದ್ರು?" ಎಂದು ಕೇಳಿದೆ.

"ಏನು ಮಾಡ್ತಾರೆ? ಮೈದಾನ ಕೆಡವಿ ಮನೆಗಳನ್ನ ಕಟ್ಟಿದ್ರು."

"ಕಪ್ ಗೆದ್ದಿದ್ರಾ, ಓಗೋಕೆ ಮುಂಚೆ?"

ಸಾಹುಕಾರರು ಅಂಗಡಿಯ ಒಳಗೆ ಕೂತಿದ್ದ ತಮ್ಮನ ಮಗನನ್ನು ಕೇಳಿದರು. ಅವನು ಫೋನ್ ತಿರುವಿ, ತುಂಬಾ ವರ್ಷ ಸೋತೂ ಸೋತೂ ಒಂದು ಸಲ ಗೆದ್ದಿದ್ದರು, ಅದಾದ ಎರಡೇ ವರ್ಷಕ್ಕೆ ಟೀಮು ಹೋಯಿತು ಎಂದ. ಪುಣ್ಯವಂತರು ಅಂದುಕೊಂಡೆ. ಅಲ್ಲಿ ಯಾರಾದರೂ ನನ್ನಂಥವನಿದ್ದಿದ್ದರೆ ಒಂದು ಸಲವಾದರೂ ಅವನ ಹರಕೆ ತೀರಿತ್ತು.

ಬಸ್ಸು ಹತ್ತಿ ವಾಪಸು ಹೊರಟೆವು. ಊರು ಹತ್ತಿರ ಬಂದಾಗ ಮುತ್ತಯ್ಯ, "ಇವನ ಅಂಗ್ಡೀಲೇ ಮಗಳಿಗೆ ಧಾರೆ ಸೀರೆ ತಕಂಡಿದ್ನಲ್ಲೋ" ಎಂದ. ಅದೊಂದೇ ಅವನಿಗೆ ತೋಚಿದ ಬೈಗುಳ.

ಮಾದಸ್ವಾಮಿ ಹೊರಟ ದಿನ ಅವನ ಬ್ಯಾಗಿನಲ್ಲಿ ಹೊಸ ಟೀ ಶರ್ಟುಗಳಿದ್ದವು. ಅವು ಹೊಸವೇ ಅಲ್ಲ, ಹಳೆಯವಕ್ಕೆ ಹನೂರು ಎಂದು ಬರೆದ ತುಂಡು ಬಟ್ಟೆ ಹೊಲಿಸಿದ್ದರು. "ಆಟ ಎಲ್ಲಾಡಿದ್ರೇನಣ್ಣ, ನಾನು ನಿನ್ ತಮ್ಮನೇ ಅಲ್ವಾ" ಅಂದ. ಆಟೋ ಹತ್ತುವಾಗ ಅವನಿಗೆ ಅಳು ಬಂತು. ನನಗೂ ಬಂತು, ಆದರೆ ನಾನು ಮಿಲ್ಲಿನೊಳಗೆ ಹೋಗಿ ಮೋಟಾರು ಹಾಕಿದೆ.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಬಯಲಿನಲ್ಲಿ ಊರಿನವರು ಭತ್ತ ಒಣಗಿಸಲು ಶುರು ಮಾಡಿದರು. ನಾವು ಅಂಕಣಕ್ಕೆ ಬೆರೆಸಿದ ಹೊಟ್ಟು ಒಂದು ಜೋರು ಮಳೆಗೆ ತೇಲಿ ಕಾಲುವೆ ಸೇರಿತು. ಮನೆಯಲ್ಲಿ ಒಬ್ಬನಿಗೆ ಮುದ್ದೆ ತಿರುವುವುದು ಎಷ್ಟು ಕಷ್ಟವೆಂದು ನನಗೆ ಆಗ ಗೊತ್ತಾಯಿತು. ಒಂದು ಹಿಡಿ ಹಿಟ್ಟು ಪಾತ್ರೆಯ ತಳಕ್ಕೇ ಅಂಟುತ್ತದೆ, ಕೋಲಿಗೆ ಸಿಗುವುದಿಲ್ಲ, ಗಂಟಾಗುತ್ತದೆ. ಎರಡು ಮುದ್ದೆಯ ಹಿಟ್ಟು ಹಾಕಿದರೆ ಚೆನ್ನಾಗಿ ಬರುತ್ತದೆ, ಆದರೆ ಎರಡನೆಯದನ್ನು ಯಾರು ಉಣ್ಣಬೇಕು? ಭಾನುವಾರ ನನ್ನ ತಲೆಗೆ ನಾನೇ ನೀರು ಹೊಯ್ದುಕೊಂಡೆ. ಬೆನ್ನಿನ ಹತ್ತಿರದ ಸೀಗೆ ತೊಳೆದು ಹೋಗದೆ ದಿನವಿಡೀ ಕೆರೆಯಿತು.

ತಪ್ಪುಕಾಣಿಕೆ ಹಾಕಿ ಬೋಳಿಸಿಕೋ ಎಂದು ಮುತ್ತಯ್ಯ ಎಷ್ಟೋ ಸಲ ಹೇಳಿದ. "ಇಲ್ದೇ ಇರೋ ಟೀಮು ಕಪ್ ಎಂಗ್ಲಾ ಎತ್ತದು? ಸಾಯೋಗಂಟ ಇಂಗೇ ಇರಿಯಾ?"

"ಇರ್ತೀನಿ. ನಿನಗೇನ್ ಕಷ್ಟ?"

ಹಠ ಅಂದುಕೊಂಡಿದ್ದ. ಹಠವಲ್ಲ. ಹರಕೆ ಮುರಿದರೆ ಹೊನ್ನೂರಿನ ಟೀಮು ಸತ್ತಿತೆಂದು ನಾನೇ ಒಪ್ಪಿದ ಹಾಗೆ. ಕೂದಲು ಇರುವ ತನಕ ಇನ್ನೂ ಏನೋ ಬಾಕಿ ಇದೆ, ಬಾಕಿ ಇರುವ ಕಡೆ ಹುಡುಗ ಒಂದು ದಿನ ವಾಪಸು ಬರಬಹುದು. ಇದು ಹುಚ್ಚು ಎಂದು ನನಗೂ ಗೊತ್ತಿತ್ತು. ಅಂಗಡಿಯ ಬೆಂಚಿನವರು ಮಾತ್ರ ಪಾಪ, ಕೇಳುವುದನ್ನು ಬಿಟ್ಟಿರಲಿಲ್ಲ. ಟೀಮು ಹೋದ ಮೇಲೂ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, "ಕಪ್ ಬಂತಾ ಗುರುಸಿದ್ದಣ್ಣ?" ಇಡೀ ದಿನದಲ್ಲಿ ನನ್ನನ್ನು ನೋಡಿ ಯಾರಾದರೂ ಹೇಳುತ್ತಿದ್ದ ಸ್ವಂತ ಮಾತು ಅದೊಂದೇ ಇತ್ತು.

ಈ ವರ್ಷ ಸುಗ್ಗಿ ಮುಗಿದ ಮೇಲೆ ಮಾದಸ್ವಾಮಿ ಫೋನ್ ಮಾಡಿದ. "ಅಣ್ಣ, ಫೈನಲ್ಗೆ ಬಂದಿವಿ. ಹನೂರಲ್ಲೇ ಆಟ. ನೀ ಬರ್ನೇಬೇಕು. ಗೆದ್ರೆ ಮಾರ್ನೇ ದಿನ ಎಲ್ರೂ ಬೆಟ್ಟಕ್ಕೋಯ್ತೀವಿ, ನೀನೂ ಮುಡಿ ಕೊಟ್ಬುಡು."

"ನಂದು ಹೊನ್ನೂರಿನ ಅರಕೆ ಕಣ್ಲಾ."

"ಆಡೋರು ನಾವೇ ಅಲ್ವೇನಣ್ಣ" ಅಂದ.

ಹೋಗಬಾರದು ಅಂತಲೇ ಇದ್ದೆ. ಪಂದ್ಯದ ದಿನ ಬೆಳಿಗ್ಗೆ ಮಿಲ್ಲಿಗೆ ಬೀಗ ಹಾಕಿದ್ದೆ. ಹನೂರಿನಲ್ಲಿ ಜೀವಮಾನದಲ್ಲಿ ಮೊದಲ ಸಲ ಟಿಕೆಟ್ ಕೊಂಡು ಕಬಡ್ಡಿ ನೋಡಲು ಕೂತೆ. ಸುತ್ತಲೂ ಟಿಕೆಟ್ ಕೊಂಡವರೇ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಗಸರು, ತಮಿಳು ಕನ್ನಡ ಬೆರೆಸಿ ಮಾತಾಡುವ ಮುದುಕರು, ಎಲ್ಲರ ಬಾಯಲ್ಲೂ ನಮ್ಮ ಟೀಮು, ನಮ್ಮ ಮಾದ. ಅವನನ್ನು ಮಾದ ಎಂದು ಕರೆಯುತ್ತಿದ್ದವನು ನಾನೊಬ್ಬನೇ ಅಂದುಕೊಂಡಿದ್ದೆ. ನನಗೆ ಅವರ ಮೇಲೆ ಕೋಪ ಬಂತು. ಅವರು ಮಾಡಿದ ತಪ್ಪೇನು ಎಂದು ಹುಡುಕಿದರೆ ಒಂದೂ ಸಿಗಲಿಲ್ಲ.

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ನನಗಿಂತ ಸ್ವಲ್ಪ ಹಿರಿಯರು. ಮಾದಸ್ವಾಮಿ ಗೆರೆ ದಾಟಿ ಆಚೆ ಹೋದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಅವನು ವಾಪಸು ಬಂದ ಮೇಲೆ ತೆಗೆಯುತ್ತಿದ್ದರು. ಮೂಗು ಅವನದೇ. ಅವನ ತಾಯಿ ಗೋವಿಂದಮ್ಮ ಎಂದು ಕೇಳದೆಯೇ ಗೊತ್ತಾಯಿತು. ನನ್ನ ಕೂದಲು ನೋಡಿ ಅವರಿಗೂ ಗೊತ್ತಾಗಿತ್ತು.

"ಹೊನ್ನೂರಣ್ಣ ಅಲ್ವಾ? ಮಗ ಹೇಳ್ತಿದ್ದ" ಅಂದರು. "ಅವನಾಡದ ನಾನು ನೋಡ್ತಿರದು ಇದೇ ವರ್ಸ. ಅಷ್ಟ್ ದೂರ ಬರಕ್ಕಾಯ್ತಿರ್ನಿಲ್ಲ."

"ನೋಡ್ತಾ ಇದ್ದೀರಾ ಎಲ್ಲಿ? ಕಣ್ಣೇ ಮುಚ್ಕಂಡಿದ್ದೀರಲ್ಲ" ಅಂದೆ. ಅವರು ನಕ್ಕರು.

ಕೊನೆಯ ರೈಡಿನಲ್ಲಿ ಮೂವರು ಮಾದಸ್ವಾಮಿಯ ಸೊಂಟ, ತೊಡೆ, ಪಾದ ಹಿಡಿದಿದ್ದರು. ಅವನು ಅವರನ್ನೂ ಎಳೆದುಕೊಂಡೇ ಬಂದು ಗೆರೆಗೆ ಬೆರಳು ತಾಗಿಸಿದ. ಗ್ಯಾಲರಿಯೆಲ್ಲ ಎದ್ದು ನಿಂತಿತು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅದರ ಹಿಂದೆಯೇ ಹೊಟ್ಟೆ ಉರಿಯಿತು. ಸಾಹುಕಾರರು ಕಪ್ ಎತ್ತಿ, ಇದು ಹನೂರಿನ ಜನತೆಗೆ ಸಲ್ಲಬೇಕಾದದ್ದು ಎಂದು ಮೈಕಿನಲ್ಲಿ ಹೇಳಿದರು. ಎಲ್ಲರೂ ನಿಂತಿದ್ದಾಗ ನಾನೊಬ್ಬ ಕೂತಿದ್ದೆ. ಮುಂದಿನವರ ಬೆನ್ನು ಅಡ್ಡ ಬಂದು ಕಪ್ ನನಗೆ ಕಾಣಿಸಲಿಲ್ಲ.

ಮಾರನೇ ದಿನ ಗೋವಿಂದಮ್ಮನೂ ಸೇರಿ ಎಲ್ಲರೂ ಟೀಮಿನ ವ್ಯಾನಿನಲ್ಲಿ ಬೆಟ್ಟಕ್ಕೆ ಹೊರಟೆವು. ಹುಡುಗರು ದಾರಿಯುದ್ದಕ್ಕೂ ಉಘೇ ಮಾದಪ್ಪ ಎಂದು ಕೂಗುತ್ತಿದ್ದರು. ನಾನು ಕಿಟಕಿಯ ಪಕ್ಕ ಕೂತು ನನ್ನ ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದೆ. ಕೊಡಬೇಕೋ ಬೇಡವೋ? ಕೊಟ್ಟರೆ ಯಾವುದಕ್ಕೆ ಕೊಟ್ಟ ಹಾಗೆ? ಮುಡಿ ತೆಗೆಯುವ ಜಾಗದಲ್ಲಿ ಹುಡುಗರೆಲ್ಲ ಸಾಲಾಗಿ ಕೂತು ತಲೆ ಬಗ್ಗಿಸಿದರು. ನಾನು ದೂರದ ಕಲ್ಲಿನ ಮೇಲೆ ಕೂತೆ. ಮಾದಸ್ವಾಮಿ ಎರಡು ಸಲ ಕರೆದ. ಬರುತ್ತೇನೆ ಇರು ಎಂದೆ.

ಅಷ್ಟರಲ್ಲಿ ಗೋವಿಂದಮ್ಮ ಗುಡಿಯ ಕಡೆಯಿಂದ ಬಂದರು. ಕೈಯಲ್ಲಿ ಪೊರಕೆ, ಸೀರೆಯ ಅಂಚೆಲ್ಲ ದೂಳು. ನನ್ನ ಪಕ್ಕ ಕೂತು ಉಸಿರು ಬಿಟ್ಟರು.

"ನಂದೂ ಒಂದು ಅರಕೆ ಇತ್ತು ಕಣಣ್ಣ, ಗುಡಿ ಸುತ್ತ ಗುಡುಸ್ತೀನಿ ಅಂತ. ತೀರುಸ್ಬುಟ್ಟೆ."

"ಕಪ್ ಬರ್ಲಿ ಅಂತಲಾ?"

"ಅಯ್ಯೋ, ನಂಗ್ಯಾಕೆ ಕಪ್ಪು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಅವರಪ್ಪ ತೀರ್ಕಂಡ ಮ್ಯಾಲೆ ಇದ್ದವನು ಇವನೊಬ್ನೇ. ಆಟ ಅಂತ ಹೋದೋನು ಆಟ ಮುಗುದ್ರೂ ಬರ್ನಿಲ್ಲ. ಹಬ್ಬಕ್ಕೆ ಬಂದ್ರೂ ಕಾಲು ನಿಲ್ತಿರ್ನಿಲ್ಲ, ಹೊನ್ನೂರು ಹೊನ್ನೂರು ಅಂತಿದ್ದ. ಅಮಾಸೆ ಅಮಾಸೆಗೂ ಇಲ್ಲಿಗೆ ನಡ್ಕಂಡು ಬತ್ತಿದ್ದೆ. ಮಾದಪ್ಪಾ, ಆ ಊರಿಂದ ಬುಡ್ಸಿ ನನ್ ಮಗನ್ನ ನಮ್ ಸೀಮೆಗೆ ತಂದ್ಕೊಡಪ್ಪ ಅಂತ ಸೆರಗೊಡ್ಡಿ ಬೇಡ್ತಿದ್ದೆ. ಹೋದ ವರ್ಸ ಟೀಮ್ಗೆ ಟೀಮೇ ಎತ್ಕಂಡು ಬಂದ್ಬುಡ್ತು. ಸ್ವಾಮಿ ದೊಡ್ಡೋನು."

ನಾನು ಅವರ ಮುಖವನ್ನೇ ನೋಡಿದೆ. ಅವರು ನಡೆದುಕೊಂಡು ಬರುತ್ತಿದ್ದ ಅದೇ ವರ್ಷಗಳಲ್ಲಿ ನಾನು ಅವನಿಗೆ ಮುದ್ದೆ ತಿರುವುತ್ತಿದ್ದೆ. ಅದೇ ಮಾದಪ್ಪನನ್ನು ನಾನು ಹೊನ್ನೂರಿಗೆ ಕಪ್ ಕೇಳಿದ್ದೆ, ಅವರು ಹೊನ್ನೂರಿನಿಂದ ಮಗನನ್ನು ಕೇಳಿದ್ದರು. ಮಾದಪ್ಪ ಇಬ್ಬರ ಮಾತನ್ನೂ ಕೇಳಿಸಿಕೊಂಡು ಅವರಿಗೆ ಕೊಟ್ಟಿದ್ದ. ಸಾಹುಕಾರರು, ಲೇಔಟಿನವರು, ಕಲ್ಯಾಣ ಮಂಟಪದಲ್ಲಿ ಎತ್ತಿದ ಕೈಗಳು, ಎಲ್ಲರನ್ನೂ ಬೈದುಕೊಂಡಿದ್ದೆನಲ್ಲ, ಇನ್ನು ಯಾರನ್ನು ಬೈಯಲಿ? ಮೊದಲು ಮಾದಪ್ಪನ ಮೇಲೇ ಸಿಟ್ಟು ಬಂತು. ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದರೆ ಇಷ್ಟು ವರ್ಷ ಕೂದಲು ಹೊರುವುದಾದರೂ ತಪ್ಪುತ್ತಿತ್ತು. ಆಮೇಲೆ ಸಿಟ್ಟು ಇಳಿದು ಸುಸ್ತಾಯಿತು. ನಾನೇ ಮಾದಪ್ಪನ ಜಾಗದಲ್ಲಿ ಕೂತಿದ್ದರೂ ಈಕೆಗೇ ಕೊಡುತ್ತಿದ್ದೆ.

ನನ್ನ ಮುಖ ನೋಡಿ ಅವರಿಗೆ ಏನೋ ಹೊಳೆಯಿತು. ಪೊರಕೆಯನ್ನು ಕೆಳಗಿಟ್ಟರು.

"ನಿಮ್ಮಿಂದ ಕಿತ್ಕಂಡಂಗಾಯ್ತೇನಣ್ಣ? ಮಗ ಮೊನ್ನೆ ಹೇಳೋಗಂಟ ನೀವು ಒಬ್ರೇ ಅಂತ ನಂಗೊತ್ತಿರ್ನಿಲ್ಲ. ಗೊತ್ತಿದ್ರೆ..."

"ಗೊತ್ತಿದ್ರೂ ಕೇಳ್ತಿದ್ರಿ ಬುಡವ್ವ" ಅಂದೆ. "ಕೇಳ್ಬೇಕಾದ್ದೇ."

ಎದ್ದು ಹೋಗಿ ಸಾಲಿನ ಕೊನೆಯಲ್ಲಿ ಕೂತೆ. ಮುಡಿ ತೆಗೆಯುವವನು ನೀರು ಚಿಮುಕಿಸಿ, ಇಷ್ಟುದ್ದ ಬಿಟ್ಟಿದ್ದೀರಲ್ಲ ಯಜಮಾನರೇ, ಏನು ಹರಕೆ ಎಂದ. ಈಡೇರದ ಹರಕೆ ಎಂದೆ. ಅಂಥದ್ದಕ್ಕೂ ಕೊಡುತ್ತಾರಾ ಎಂದು ಕತ್ತಿ ಕೈಗೆ ತೆಗೆದುಕೊಂಡ. ಮಾದಪ್ಪಾ, ಹೊನ್ನೂರಿಗೆ ಕೊಡಲಿಲ್ಲ, ಆಯಿತು. ಇದನ್ನು ತಗೊ, ಇನ್ನೇನೂ ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿದೆ. ಕೂದಲು ಹೆಗಲ ಮೇಲಿಂದ ಜಾರಿ ಕಲ್ಲಿನ ಮೇಲೆ ರಾಶಿಯಾಗಿ ಬಿತ್ತು. ಅರ್ಧಕ್ಕರ್ಧ ಬಿಳಿ. ಹಿಂದಲೆಯ ಕೂದಲಿನ ಬುಡವನ್ನು ನಾನು ಯಾವತ್ತೂ ನೋಡಿರಲಿಲ್ಲ. ನೋಡುತ್ತಿದ್ದವನು ಮಾದಸ್ವಾಮಿ, ಅವನು ಒಂದು ದಿನವೂ ಹೇಳಿರಲಿಲ್ಲ.

ಹುಡುಗರೆಲ್ಲ ಓಡಿ ಬಂದು ನನ್ನ ಬೋಳು ತಲೆ ಸವರಿ ಕೇಕೆ ಹಾಕಿದರು. ಕಪ್ ಮಧ್ಯದಲ್ಲಿಟ್ಟು ಫೋಟೋ ತೆಗೆಸಿಕೊಂಡೆವು. ಅದರಲ್ಲಿ ನಾನೂ ಅವರಲ್ಲೊಬ್ಬನ ಹಾಗೇ ಕಾಣುತ್ತೇನೆ. ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ಮಾದಸ್ವಾಮಿ ನನ್ನನ್ನು ಬಸ್ಸು ಹತ್ತಿಸಲು ಬಂದ.

"ಇನ್ಯಾವಾಗ್ಲಾ ಬರಿಯೇ?" ಎಂದು ಕೇಳಿದೆ.

"ಬತ್ತೀನಣ್ಣ. ಸಾವ್ಕಾರ್ರು ಸೀರೆ ಗೋಡೌನಲ್ಲಿ ಕೆಲ್ಸ ಕೊಟ್ಟವ್ರೆ, ಅವ್ವನೂ ಬುಡಕಿಲ್ಲ. ಬುಡುವಾದ್ರೆ ನಿಮ್ಮೂರ್ ಕಡೆ ಬತ್ತೀನಿ."

ನಿಮ್ಮೂರು ಅಂದ. ಅವನಿಗೆ ಅದು ಗೊತ್ತೂ ಆಗಲಿಲ್ಲ. ಬಸ್ಸು ತಿರುಗುವವರೆಗೂ ಕೈ ಬೀಸುತ್ತಾ ನಿಂತಿದ್ದ.

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿದೆ. ಪಕ್ಕದಲ್ಲಿ ಕೂತಿದ್ದ ಅಗರದ ಮುದುಕಿಯೊಬ್ಬಳು ನನ್ನ ತಲೆ ನೋಡಿ, "ಯಾರಪ್ಪ ತೀರ್ಕಂಡ್ರು?" ಎಂದಳು. ಯಾರೂ ಇಲ್ಲ ಅವ್ವ, ಬೆಟ್ಟಕ್ಕೆ ಹೋಗಿದ್ದೆ ಎಂದೆ. ಒಳ್ಳೇದಾಯ್ತು ಬುಡು ಎಂದು ಕೆನ್ನೆ ಬಡಿದುಕೊಂಡು ಕೈಮುಗಿದಳು.

ಹೊನ್ನೂರಿನಲ್ಲಿ ಇಳಿದಾಗ ಸಂಜೆ. ನೇರ ಮಹಾದೇವಮ್ಮನ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಎಲ್ಲರೂ ಇದ್ದರು. ನನ್ನನ್ನು ನೋಡಿ ಮಾತು ನಿಂತಿತು. ಮುತ್ತಯ್ಯ ಸರಿದು ಜಾಗ ಕೊಟ್ಟ. ಮಹಾದೇವಮ್ಮ ಕೇಳದೆಯೇ ಟೀ ತಂದಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಅವರ ಮಾತು ಮತ್ತೆ ಕಬ್ಬಿನ ಕಟಾವಿಗೆ ತಿರುಗಿತು. ಫ್ಯಾಕ್ಟರಿಯವರು ಆಳು ಕಳಿಸಿಲ್ಲ, ಗರಿ ಒಣಗುತ್ತಿದೆ. ನಾನು ಕಾಯುತ್ತಾ ಕೂತೆ. ಟೀ ಆರಿತು. ತಲೆಗೆ ಗಾಳಿ ತಣ್ಣಗೆ ತಾಗುತ್ತಿತ್ತು. ಕೇಳಿರೋ, ಒಂದು ಸಲ ಕೇಳಿರೋ ಎಂದು ಒಳಗೇ ಅಂದುಕೊಂಡೆ. ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಹೇಳಿದೆ.

"ಕಪ್ ಬಂತು ಕಣ್ರಲಾ."

"ಊಂ, ಕೇಳ್ದೋ" ಅಂದ ಮುತ್ತಯ್ಯ. "ಹನೂರ್ಗೆ."

ಅಷ್ಟೇ. ಅವನು ನನ್ನ ಮನಸ್ಸು ನೋಯಬಾರದೆಂದು ಮೆಲ್ಲಗೆ ಹೇಳಿದ, ಅದು ನನಗೆ ಗೊತ್ತು.

ಈಗ ಕೂದಲು ಒಂದಿಷ್ಟು ಬಂದಿದೆ, ಬೇರೆ ಗಂಡಸರ ತಲೆಯ ಹಾಗೆಯೇ ಇದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಂಗಡಿಗೆ ಹೋಗುತ್ತೇನೆ. ಬೆಂಚಿನವರು ದಾರಿಯಲ್ಲಿ ಹೋಗುವ ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳುತ್ತಾರೆ, "ಊಟ ಆಯ್ತಾ ಗುರುಸಿದ್ದಣ್ಣ?"

ಆಯ್ತು ಅನ್ನುತ್ತೇನೆ. ಒಬ್ಬನಿಗೆ ಮುದ್ದೆ ಸರಿಯಾಗಿ ಬರುವುದಿಲ್ಲ ಎಂದು ಯಾರ ಹತ್ತಿರ ಹೇಳಲಿ.